ಪ್ರಶ್ನೆಗೆ ಹೊತ್ತಿಲ್ಲದ ಉಪನ್ಯಾಸ, ಹೆಸರು ಕೂಗದ ಘಟಿಕೋತ್ಸವ

ದಾವಣಗೆರೆ ಸೀಮೆಯ ಒಂದು ವಿದ್ಯಾಸಂಸ್ಥೆಯಲ್ಲಿ ಅಂತರ್ಜಲದ ಬಗ್ಗೆ ವಿಶೇಷ ಉಪನ್ಯಾಸವಿದೆ ಎಂದು ತಿಳಿದು ಕೇಳಲು ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿದ್ದ ಸಮಯ ಬೆಳಿಗ್ಗೆ 10.30. ಮುಖ್ಯ ಅತಿಥಿಗಳು ಬಂದಾಗ 11.40 ಆಗಿತ್ತು. ಪ್ರಾರ್ಥನೆ, ನಾಡಗೀತೆ, ಸಂವಿಧಾನ ಪೀಠಿಕೆಯ ವಾಚನ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಪ್ರಾಸ್ತಾವಿಕ ನುಡಿ, ವೇದಿಕೆಯಲ್ಲಿದ್ದ ಒಂಬತ್ತು ಮಂದಿಗೂ ಶಾಲು, ಹಾರ, ನೆನಪಿನ ಕಾಣಿಕೆ, ಬಳಿಕ ಇಬ್ಬರು ಗಣ್ಯರ ಶುಭನುಡಿ. ಉಪನ್ಯಾಸಕರ ಕೈಗೆ ಮೈಕು ಸಿಕ್ಕಿದ್ದು 12.50ಕ್ಕೆ. ಎಂಟು ನಿಮಿಷ ಕಳೆಯುವಷ್ಟರಲ್ಲಿ ನಿರೂಪಕಿ ಒಂದು ಚೀಟಿ ತಂದು ಅವರ ಮುಂದಿಟ್ಟರು. 1.20ಕ್ಕೆ ಉಪನ್ಯಾಸ ಮುಗಿಯಿತು. ಅಧ್ಯಕ್ಷೀಯ ನುಡಿ, ವಂದನಾರ್ಪಣೆ, ಊಟ. ಎರಡು ಗಂಟೆ ಐವತ್ತು ನಿಮಿಷದಲ್ಲಿ ವಿಷಯಕ್ಕೆ ಸಂದದ್ದು ಮೂವತ್ತು ನಿಮಿಷ, ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ.

ನನ್ನ ಹಿಂದಿನ ಸಾಲಿನಲ್ಲಿ ಜಗಳೂರು ಕಡೆಯ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಬರೆದಿಟ್ಟುಕೊಂಡು, ಕೈ ಎತ್ತಲೋ ಬೇಡವೋ ಎಂದು ಕಾಯುತ್ತಿದ್ದವನು ಊಟದ ಸಾಲಿನಲ್ಲಿ ನನ್ನ ಬಳಿ ಬಂದು ಕೇಳಿದ: “ಸರ್, ನಮ್ಮೂರಾಗೆ ಶುದ್ಧ ನೀರಿನ ಘಟಕ ಐತಿ. ಅದರಿಂದ ಹೊರಗ ಬಿಡೋ ನೀರನ್ನ ಎಮ್ಮಿಗೆ ಕುಡಿಸ್ತಾರೆ. ಏನಾದ್ರೂ ಆಗುತ್ತಾ?” ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬ ಭಾರತೀಯ ಮಾನಕವನ್ನು ಉಪನ್ಯಾಸಕರು ಅಂದು ಹೇಳಿದ್ದರು. ಆದರೆ ಶುದ್ಧ ನೀರಿನ ಆರ್‌ಒ ಘಟಕ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಒಂದು ಕಡೆಯ ನೀರಿನಿಂದ ತೆಗೆದು ಇನ್ನೊಂದು ಕಡೆಯ ನೀರಿಗೆ ಸೇರಿಸುತ್ತದೆ, ಹೀಗಾಗಿ ಹೊರಗೆ ಬಿಡುವ ನೀರಿನಲ್ಲಿ ಅದು ಇನ್ನಷ್ಟು ಸಾಂದ್ರವಾಗಿರುತ್ತದೆ ಎಂಬ ಮಾತು ಆ ಹುಡುಗನ ಪ್ರಶ್ನೆಯಿಂದ ಮಾತ್ರ ಹೊರಬರುವಂಥದ್ದಾಗಿತ್ತು. ಅಷ್ಟರಲ್ಲಿ ಉಪನ್ಯಾಸಕರು ಕಾರು ಹತ್ತಿಯಾಗಿತ್ತು.

ಇದು ಒಂದು ಸಂಸ್ಥೆಯ ದೋಷವಲ್ಲ. ವಿಶ್ವವಿದ್ಯಾಲಯಗಳ ಮತ್ತು ಅವುಗಳ ಕಾಲೇಜುಗಳ ಸಭೆಗಳನ್ನು ಬಲ್ಲವರಿಗೆಲ್ಲ ಈ ಕ್ರಮ ಪರಿಚಿತ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೂ ಪರಿಚಿತವೇ: ಈಗಿನ ಜನಕ್ಕೆ ಕೇಳುವ ವ್ಯವಧಾನವಿಲ್ಲ, ಎಲ್ಲರೂ ಮೊಬೈಲ್ ಹಿಡಿದಿರುತ್ತಾರೆ, ವಿದ್ಯಾರ್ಥಿಗಳನ್ನು ಹಾಜರಾತಿಯ ಭಯ ತೋರಿಸಿ ಕೂರಿಸದಿದ್ದರೆ ಸಭಾಂಗಣ ತುಂಬುವುದಿಲ್ಲ ಎನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಬೇಕಾದ ಸಾಕ್ಷ್ಯ ಇದೇ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿದೆ.

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ಮಠ 1950ರಿಂದ ನಡೆಸಿಕೊಂಡು ಬಂದಿರುವ ತರಳಬಾಳು ಹುಣ್ಣಿಮೆಯನ್ನು ನೋಡಿದವರು, ಕೇಳುವ ವ್ಯವಧಾನ ಸತ್ತಿದೆ ಎನ್ನಲಾರರು. ಮಾಘ ಮಾಸದ ಹುಣ್ಣಿಮೆಗೆ ಮುಗಿಯುವಂತೆ ಒಂಬತ್ತು ದಿನ, ವರ್ಷಕ್ಕೊಂದು ಊರಿನಲ್ಲಿ, ಸಂಜೆಯ ಚಳಿಯಲ್ಲಿ ಬಯಲಿನಲ್ಲಿ ಕುಳಿತು ರೈತರು, ಹೆಂಗಸರು, ಮಕ್ಕಳು ಸಾಹಿತ್ಯ, ಕೃಷಿ, ನೀರಾವರಿ, ರಾಜಕಾರಣ ಎಲ್ಲದರ ಮೇಲಿನ ಮಾತುಗಳನ್ನೂ ಕೇಳುತ್ತಾರೆ. ಮಧ್ಯೆ ಮಧ್ಯೆ ಮಲ್ಲಕಂಬ, ವಚನ ಗಾಯನ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನಡೆಯುವ ನಾಟಕೋತ್ಸವದಲ್ಲೂ ನಾಟಕಕ್ಕೆ ಮುಂಚೆ ಉಪನ್ಯಾಸವಿರುತ್ತದೆ, ಜನ ಕೇಳುತ್ತಾರೆ. ಸಾಣೇಹಳ್ಳಿಯ ಮಠದವರು 2019ರ ಆಗಸ್ಟ್ ತಿಂಗಳಿಡೀ ಜಿಲ್ಲೆಯಿಂದ ಜಿಲ್ಲೆಗೆ ಹೋಗಿ ‘ಮತ್ತೆ ಕಲ್ಯಾಣ’ ಅಭಿಯಾನ ನಡೆಸಿದಾಗ ಮೊದಲು ವಿದ್ಯಾರ್ಥಿಗಳೊಂದಿಗೆ ಸಂವಾದ, ಸಂಜೆ ಸಾರ್ವಜನಿಕ ಉಪನ್ಯಾಸ, ಕೊನೆಗೆ ನಾಟಕ ಎಂಬ ಕ್ರಮವಿತ್ತು. ಪ್ರಶ್ನೆಗೆ ಮೊದಲ ಜಾಗ ಎಂಬುದನ್ನು ಗಮನಿಸಬೇಕು. ಮಠದ ಸಭೆಗೆ ಭಕ್ತಿಯ ಸೆಳೆತವಿದೆ, ವಿಶ್ವವಿದ್ಯಾಲಯಕ್ಕೆ ಅದಿಲ್ಲ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಭಕ್ತಿ ಜನರನ್ನು ಕರೆತರಬಲ್ಲದೇ ಹೊರತು ಮೂರು ಗಂಟೆ ಕೂರಿಸಲಾರದು. ಕೂರಿಸುವುದು ಹೊತ್ತು, ಜಾಗ, ಭಾಷೆ ಮತ್ತು ತಮಗೆ ಸಂಬಂಧಪಟ್ಟ ಮಾತು.

ವಿಶ್ವವಿದ್ಯಾಲಯಗಳಿಗೂ ಇದು ತಿಳಿಯದ ವಿದ್ಯೆಯಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ‘ಪ್ರಚಾರೋಪನ್ಯಾಸ’ಗಳನ್ನು ಏರ್ಪಡಿಸಿತು. ಪ್ರಾಧ್ಯಾಪಕರು ಪಟ್ಟಣಗಳಿಗೂ ಹಳ್ಳಿಗಳಿಗೂ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ಮಾತನಾಡುವುದು, ಆ ಮಾತನ್ನೇ ಪುಟ್ಟ ಪುಸ್ತಕವಾಗಿ ಅಗ್ಗದ ಬೆಲೆಗೆ ಅಚ್ಚು ಹಾಕುವುದು ಆ ಯೋಜನೆಯ ಎರಡು ಕಾಲುಗಳು. ಉನ್ನತ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಈ ಉಪನ್ಯಾಸಗಳ ನೆಪದಲ್ಲಿಯೇ ಕನ್ನಡದಲ್ಲಿ ವಿಜ್ಞಾನ ಬರೆಯುವ ಗದ್ಯ ರೂಢಿಯಾಗತೊಡಗಿತು. ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಇರುವ ಪ್ರಸಾರಾಂಗ ಎಂಬ ವಿಭಾಗ ಆ ಕಾಲದ ಬಳುವಳಿ. ಈಗ ಹೆಚ್ಚಿನ ಕಡೆ ಅದು ಪಠ್ಯಪುಸ್ತಕ ಅಚ್ಚು ಹಾಕುವ ಕಚೇರಿಯಷ್ಟೇ ಆಗಿ ಉಳಿದಿದೆ.

ದಾವಣಗೆರೆ ಈ ಪರಂಪರೆಯ ಹೊರಗಿನ ಊರಲ್ಲ. 1979ರಲ್ಲಿ ಇಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು, 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೇ ಆಯಿತು. ಅದರ ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಸ್ನಾತಕೋತ್ತರ ಕೇಂದ್ರ ಗುಡ್ಡದ ರಂಗವ್ವನಹಳ್ಳಿಯ ಜ್ಞಾನಗಂಗೋತ್ರಿಯಲ್ಲಿದೆ. ಎರಡೂ ಊರಾಚೆಯ ಆವರಣಗಳು. ಓದಿಗೆ ಇದು ಒಳ್ಳೆಯದೇ. ಆದರೆ ಸಾರ್ವಜನಿಕ ಉಪನ್ಯಾಸದ ದೃಷ್ಟಿಯಿಂದ ನೋಡಿದರೆ, ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಊರಾಚೆಯ ಸಭಾಂಗಣದಲ್ಲಿ ನಡೆಯುವ ಮಾತಿಗೆ ಮಂಡಕ್ಕಿ ಭಟ್ಟಿಯವರು, ಎಪಿಎಂಸಿಯ ವರ್ತಕರು, ಬ್ಯಾಂಕಿನ ನೌಕರರು, ಮನೆಗೆಲಸ ಮುಗಿಯದ ಹೆಂಗಸರು ಹೇಗೆ ತಾನೇ ಬರುತ್ತಾರೆ? ‘ಸಾರ್ವಜನಿಕರಿಗೆ ಮುಕ್ತ ಪ್ರವೇಶ’ ಎಂದು ಅಚ್ಚಾಗಿರುವ ಪತ್ರಿಕೆಗಳನ್ನು ಕಂಡಾಗಲೆಲ್ಲ ಆ ಸಾರ್ವಜನಿಕರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂದು ಯೋಚಿಸುತ್ತೇನೆ. ದಾವಣಗೆರೆಯಲ್ಲಿ ಬಾಪೂಜಿ ಸಭಾಂಗಣವಿದೆ, ಚಿತ್ರದುರ್ಗದಲ್ಲಿ ತ.ರಾ.ಸು. ರಂಗಮಂದಿರವಿದೆ. ಸಂಜೆ ಆರೂವರೆಗೆ ಅಲ್ಲಿಗೆ ನಡೆದೇ ಬರುವವರು ಸಾಕಷ್ಟು ಜನರಿದ್ದಾರೆ.

ಹಾಗಿದ್ದರೂ ಸಭೆಗಳು ಹಗಲಿನಲ್ಲೇ, ಆವರಣದೊಳಗೇ, ಇಷ್ಟು ಉದ್ದದ ಶಿಷ್ಟಾಚಾರದೊಂದಿಗೇ ಏಕೆ ನಡೆಯುತ್ತವೆ? ನನ್ನ ತಿಳಿವಳಿಕೆಯಲ್ಲಿ ಇದರ ಮೂಲ ಸಂಘಟಕರ ಅಭಿರುಚಿಯಲ್ಲಿಲ್ಲ, ಲೆಕ್ಕ ಇಡುವ ಪದ್ಧತಿಯಲ್ಲಿದೆ. ಇಂದು ಉಪನ್ಯಾಸವೊಂದು ನಡೆದಾಗ ಅದನ್ನು ಕೇಳಿದವರು ಏನು ಪಡೆದರು ಎಂದು ಯಾರೂ ಕೇಳುವುದಿಲ್ಲ. ನಡೆಯಿತು ಎಂಬುದಕ್ಕೆ ದಾಖಲೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನಕ್ಕೆ ಹೋಗುವ ಸಂಸ್ಥೆ ತಾನು ನಡೆಸಿದ ಕಾರ್ಯಾಗಾರ, ವಿಚಾರ ಸಂಕಿರಣ, ವಿಸ್ತರಣಾ ಚಟುವಟಿಕೆಗಳನ್ನು ವರ್ಷವಾರು ಎಣಿಸಿ ತೋರಿಸಬೇಕು. ಅದಕ್ಕೆ ಆಹ್ವಾನ ಪತ್ರಿಕೆ, ವರದಿ, ಹಾಜರಾತಿ ಪಟ್ಟಿ, ಸ್ಥಳ ಮತ್ತು ಸಮಯ ನಮೂದಾಗಿರುವ ಜಿಯೋ ಟ್ಯಾಗ್ ಫೋಟೊ ಎಲ್ಲವನ್ನೂ ಜೋಡಿಸಬೇಕು. ಬ್ಯಾನರ್ ಪೂರ್ತಿ ಕಾಣುವಂತೆ, ವೇದಿಕೆಯ ಎಲ್ಲರೂ ಬರುವಂತೆ, ತುಂಬಿದ ಕುರ್ಚಿಗಳು ಕಾಣುವಂತೆ ಒಂದು ಫೋಟೊ ಸಿಕ್ಕಿದರೆ ಕಡತದ ಮಟ್ಟಿಗೆ ಕಾರ್ಯಕ್ರಮ ಯಶಸ್ವಿ. ಆ ಫೋಟೊ ತೆಗೆಯುವುದು ಉದ್ಘಾಟನೆಯ ಹೊತ್ತಿಗೆ. ಉಪನ್ಯಾಸ ಶುರುವಾಗುವ ವೇಳೆಗೆ ದಾಖಲೆಯ ಕೆಲಸ ಮುಗಿದಿರುತ್ತದೆ. ಹಾಗಾಗಿಯೇ ಉದ್ಘಾಟನೆಗೆ ಒಂದು ಗಂಟೆ, ವಿಷಯಕ್ಕೆ ಅರ್ಧ ಗಂಟೆ.

ಅಧ್ಯಾಪಕರ ಕಡೆಯಿಂದಲೂ ಇದಕ್ಕೆ ಸರಿಹೊಂದುವ ಲೆಕ್ಕವೊಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಆಹ್ವಾನಿತ ಉಪನ್ಯಾಸ ಅಥವಾ ಪ್ರಬಂಧ ಮಂಡನೆಗೆ ವಿದೇಶದಲ್ಲಾದರೆ 7, ದೇಶದೊಳಗಿನ ಅಂತರರಾಷ್ಟ್ರೀಯ ಸಭೆಯಾದರೆ 5, ರಾಷ್ಟ್ರಮಟ್ಟದ್ದಾದರೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಾದರೆ 2 ಅಂಕಗಳಿವೆ. ಈ ನಾಲ್ಕು ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡರೆ, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಸುತ್ತಲಿನ ನಾಲ್ಕು ಕಾಲೇಜುಗಳವರೇ ಸೇರಿ ನಡೆಸುವ ಸಭೆಯ ಬ್ಯಾನರಿನ ಮೇಲೆ ‘ರಾಷ್ಟ್ರೀಯ ವಿಚಾರ ಸಂಕಿರಣ’ ಎಂಬ ಹೆಸರು ಏಕೆ ಬರುತ್ತದೆ, ಹೊರರಾಜ್ಯದ ಒಬ್ಬರಾದರೂ ಆನ್‌ಲೈನಿನಲ್ಲಿ ಹತ್ತು ನಿಮಿಷ ಏಕೆ ಕಾಣಿಸಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಬಡ್ತಿಗೆ ಅಂಕ ಬೇಕಾದ ಅಧ್ಯಾಪಕರನ್ನು ನಾನು ದೂರುವುದಿಲ್ಲ. ವರ್ಷಗಟ್ಟಲೆ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರ ಹೆಗಲ ಮೇಲೆಯೇ ತರಗತಿಗಳು ನಡೆಯುತ್ತಿರುವಾಗ, ಇದ್ದ ಕೆಲವರೇ ಸಭೆ, ವರದಿ, ಕಡತ ಎಲ್ಲವನ್ನೂ ಹೊರಬೇಕು. ಆದರೆ ಪಟ್ಟಿಯಲ್ಲಿ ಒಂದು ಕೊರತೆ ಕಣ್ಣಿಗೆ ರಾಚುತ್ತದೆ. ಹಳ್ಳಿಯ ಸಮುದಾಯ ಭವನದಲ್ಲಿ ರೈತರ ಎದುರು ಎರಡು ಗಂಟೆ ಮಾತನಾಡಿ, ಒಂದು ಗಂಟೆ ಅವರ ಪ್ರಶ್ನೆಗಳಿಗೆ ಉತ್ತರಿಸಿ ಬಂದ ಭೂವಿಜ್ಞಾನದ ಅಧ್ಯಾಪಕರಿಗೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಅದು ಯಾವ ‘ಮಟ್ಟ’ದ ಸಭೆ?

ಹಣದ ಲೆಕ್ಕವನ್ನೂ ನೋಡಬೇಕು. ಹಿರಿಯರ ನೆನಪಿನಲ್ಲಿ ಮನೆಯವರೋ ಶಿಷ್ಯರೋ ಇಟ್ಟ ಮೊತ್ತದ ಬಡ್ಡಿಯಿಂದ ವರ್ಷಕ್ಕೊಂದು ದತ್ತಿ ಉಪನ್ಯಾಸ ನಡೆಸುವುದು ಕನ್ನಡನಾಡಿನ ಒಳ್ಳೆಯ ರೂಢಿ. 1990ರ ದಶಕದಲ್ಲಿ ಯಾರೋ 50,000 ರೂಪಾಯಿ ಇಟ್ಟರು ಎನ್ನೋಣ. ಆಗಿನ ಶೇ 11ರ ಆಸುಪಾಸಿನ ಬಡ್ಡಿಗೆ ವರ್ಷಕ್ಕೆ 5,500 ಬರುತ್ತಿತ್ತು, ಆ ಹಣದಲ್ಲಿ ದೂರದ ವಿದ್ವಾಂಸರನ್ನು ಕರೆಸಿ, ಗೌರವಧನ ಕೊಟ್ಟು, ಭಾಷಣವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಬಹುದಿತ್ತು. ಇಂದು ಶೇ 7ರ ಲೆಕ್ಕದಲ್ಲಿ ಬರುವುದು 3,500. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ಹೋಗಿಬರುವ ಕಾರಿನ ಖರ್ಚಿಗೇ ಅದು ಸಾಲದು. ಹೀಗಾಗಿ ನಾಲ್ಕೈದು ದತ್ತಿಗಳನ್ನು ಒಂದೇ ದಿನ, ಒಂದೇ ವೇದಿಕೆಯಲ್ಲಿ, ತಲಾ ಇಪ್ಪತ್ತು ನಿಮಿಷಕ್ಕೆ ಮುಗಿಸುವುದು ಅನಿವಾರ್ಯವಾಗಿದೆ. ಪುಸ್ತಿಕೆ ನಿಂತು ಎಷ್ಟೋ ಕಾಲವಾಯಿತು. ಚಿನ್ನದ ಪದಕಗಳ ದತ್ತಿಗೂ ಇದೇ ಗತಿ. ದಾನಿಗಳ ಕುಟುಂಬದವರನ್ನು ಕೂರಿಸಿಕೊಂಡು ಈ ಸಂಗತಿಯನ್ನು ಬಿಚ್ಚುಮನಸ್ಸಿನಿಂದ ಹೇಳಿ, ಸಣ್ಣ ದತ್ತಿಗಳನ್ನು ಅವರ ಒಪ್ಪಿಗೆಯಿಂದ ಒಟ್ಟುಗೂಡಿಸಿ ಎರಡು ವರ್ಷಕ್ಕೊಮ್ಮೆ ಒಂದು ಗಟ್ಟಿಯಾದ ಉಪನ್ಯಾಸ ಮಾಡಿಸಬಹುದು. ಐದು ಹೆಸರುಗಳನ್ನು ಅವಸರದಲ್ಲಿ ಓದುವುದಕ್ಕಿಂತ ಅದು ಆ ಹಿರಿಯರಿಗೆ ಹೆಚ್ಚಿನ ಗೌರವ.

ಸಮಾರಂಭದ ಭಾರ ಇಳಿಸುವ ಕೆಲವು ಆದೇಶಗಳು ಸರ್ಕಾರದಿಂದಲೇ ಬಂದಿವೆ. ಸರ್ಕಾರಿ ಸಭೆಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಕೊಡಬಾರದು, ಬೇಕಿದ್ದರೆ ಕನ್ನಡ ಪುಸ್ತಕ ಕೊಡಬಹುದು ಎಂದು 2021ರ ಆಗಸ್ಟಿನಲ್ಲಿ ಆದೇಶವಾಯಿತು. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು 2022ರಲ್ಲಿ ನಿಗದಿಯಾಯಿತು. ನಾಡಗೀತೆಗೇ ಹೊತ್ತಿನ ಮಿತಿ ಇರುವಾಗ ಸ್ವಾಗತ ಭಾಷಣಕ್ಕೆ ಇರಬಾರದೇ? ಅತಿಥಿಗಳ ಪರಿಚಯವನ್ನು ಅಚ್ಚು ಮಾಡಿ ಕುರ್ಚಿಯ ಮೇಲಿಟ್ಟರೆ ಇಪ್ಪತ್ತು ನಿಮಿಷ ಉಳಿಯುತ್ತದೆ. ಆ ಇಪ್ಪತ್ತು ನಿಮಿಷ ಜಗಳೂರಿನ ಹುಡುಗನದು.

ಇನ್ನು ವಿಷಯದ ಮಾತು. ನಮ್ಮ ಭಾಗದ ಸಭೆಗಳಲ್ಲಿ ‘ಜಾಗತೀಕರಣ ಮತ್ತು ಸವಾಲುಗಳು’ ಎಂಬ ಜಾತಿಯ ತಲೆಬರಹಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಕಾಲ ಕೆಳಗಿನ ನೆಲದಲ್ಲೇ ಹೇಳಿ ಮುಗಿಯದಷ್ಟಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದರು. ಅಲ್ಲಿಯೇ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಚಿತ್ರದುರ್ಗದ ಬೆಟ್ಟದ ತಪ್ಪಲಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದವರು ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ. ಆ ಶಾಸನ ಹೇಳುವುದು ಕೆರೆಯ ವಿಷಯ. ಬರಕ್ಕೆ ಹೆಸರಾದ ಜಿಲ್ಲೆಯ ಅತಿ ಹಳೆಯ ದಾಖಲೆಗಳಲ್ಲೊಂದು ನೀರು ನಿಲ್ಲಿಸಿದ ಕಥೆ ಎಂಬುದನ್ನು ಆ ಬಂಡೆಯ ಎದುರೇ ನಿಂತು ಚರಿತ್ರೆಯ ಅಧ್ಯಾಪಕರೊಬ್ಬರು ಊರವರಿಗೆ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಸಾರ್ವಜನಿಕ ಉಪನ್ಯಾಸ ಬೇಕೇ? 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷ ಕಳೆದು 2022ರಲ್ಲಿ. ಆ ವರ್ಷ ಹಿರಿಯೂರಿನ ಕಡೆ ಕೋಡಿ ನೋಡಲು ಹೋದ ಜನಸಾಗರದಲ್ಲಿ ಪ್ರತಿಯೊಬ್ಬರ ಬಾಯಲ್ಲೂ ಒಂದೇ ಪ್ರಶ್ನೆ ಇತ್ತು: ಇಷ್ಟು ವರ್ಷ ಬೀಳದ್ದು ಈಗ ಹೇಗೆ ಬಿತ್ತು? ಮಳೆಯೆಷ್ಟು, ಭದ್ರೆಯಿಂದ ಹರಿಸಿದ ನೀರೆಷ್ಟು, ವೇದಾವತಿಯ ಪಾತ್ರದಲ್ಲಿ ಏನು ಬದಲಾಗಿದೆ ಎಂದು ಅಂಕಿಅಂಶ ಹಿಡಿದು ಬಿಡಿಸಿ ಹೇಳಲು ಅದಕ್ಕಿಂತ ತಕ್ಕ ಗಳಿಗೆ ಇನ್ನೊಂದಿರಲಿಲ್ಲ. ಮೆಕ್ಕೆಜೋಳ ಬಿತ್ತುವ ದಾವಣಗೆರೆ ಸೀಮೆಯವರಿಗೂ ಅಡಿಕೆಗೆ ಬಿದ್ದಿರುವ ಚನ್ನಗಿರಿಯವರಿಗೂ ಇಂಥದ್ದೇ ಪ್ರಶ್ನೆಗಳಿವೆ.

ಇವೆಲ್ಲ ಕನ್ನಡದಲ್ಲಿಯೇ ಆಗಬೇಕು ಎಂದು ಬೇರೆಯಾಗಿ ಹೇಳಬೇಕಿಲ್ಲ. ಹೊರಗಿನ ವಿಜ್ಞಾನಿ ಇಂಗ್ಲಿಷಿನಲ್ಲಿ ಮಾತನಾಡುವುದಾದರೆ ಪಕ್ಕದಲ್ಲಿ ಇಲ್ಲಿನ ಅಧ್ಯಾಪಕರೊಬ್ಬರು ನಿಂತು ಸಾರವನ್ನು ಕನ್ನಡದಲ್ಲಿ ಹೇಳಲಿ. ಅದರಿಂದ ವಿಜ್ಞಾನಿಗೆ ಅಗೌರವವಿಲ್ಲ, ಅಧ್ಯಾಪಕರಿಗೂ ಒಳ್ಳೆಯ ತಾಲೀಮು.

ಸಾರ್ವಜನಿಕ ಸಭೆಗಳಲ್ಲೆಲ್ಲ ದೊಡ್ಡದು ಘಟಿಕೋತ್ಸವ. ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವದಲ್ಲಿ, 1918ರಲ್ಲಿ, ಭಾಷಣ ಮಾಡಿದವರು ಕಲ್ಕತ್ತೆಯ ಆಶುತೋಷ್ ಮುಖರ್ಜಿ. ಅಂದಿಗೂ ಇಂದಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂದು ಪದವಿಪತ್ರ ಕೈಗೆ ಬರುವ ಕ್ಷಣವೇ ಘಟಿಕೋತ್ಸವವಾಗಿತ್ತು. ಈಗ, ವಿದ್ಯಾರ್ಥಿ ಅರ್ಹನಾದ 180 ದಿನಗಳೊಳಗೆ ಪದವಿ ಕೊಡಬೇಕೆಂದು ಯುಜಿಸಿಯ 2008ರ ನಿಯಮ ಹೇಳುತ್ತದೆ, ಡಿಜಿಲಾಕರಿನಲ್ಲಿ ಪ್ರಮಾಣಪತ್ರ ಇಳಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಕಾಗದ ತಲುಪಿಸುವ ಕೆಲಸಕ್ಕೆ ಸಮಾರಂಭ ಬೇಕಾಗಿಲ್ಲ. ಹಾಗಾದರೆ ಉಳಿದ ಕೆಲಸ ಯಾವುದು? ಎರಡು. ಮೊದಲನೆಯದು, ಗೌರವ ಡಾಕ್ಟರೇಟ್ ಮೂಲಕ ವಿಶ್ವವಿದ್ಯಾಲಯ ತಾನು ಯಾರನ್ನು ಆದರ್ಶವೆಂದು ಕಾಣುತ್ತದೆ ಎಂದು ನಾಡಿಗೆ ಹೇಳುವುದು. ಇದಕ್ಕೆ ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆ ಬೇಕು. ಆದರೆ ಆಯ್ಕೆ ಏಕೆ ಎಂಬುದನ್ನು ಅರ್ಧ ಪುಟದಷ್ಟಾದರೂ ಬರೆದು ಪ್ರಕಟಿಸಿದರೆ ಒತ್ತಡ, ಶಿಫಾರಸು ಎಂಬ ಗುಸುಗುಸು ಅರ್ಧ ತಗ್ಗುತ್ತದೆ. ಎರಡನೆಯದು, ಓದಿದ ಮಗುವನ್ನು ಅದರ ತಂದೆತಾಯಿ ಕಣ್ಣಾರೆ ಕಾಣುವುದು. ಇದೇ ಹೆಚ್ಚಿನದೆಂದು ನಾನು ತಿಳಿದಿದ್ದೇನೆ, ಮತ್ತು ಇದೇ ಇಂದಿನ ಘಟಿಕೋತ್ಸವದಲ್ಲಿ ತಪ್ಪಿಹೋಗಿದೆ.

ಘಟಿಕೋತ್ಸವವೊಂದರಲ್ಲಿ ಶಾಮಿಯಾನದ ಹೊರಗೆ ನಿಂತಿದ್ದ ದಂಪತಿಯನ್ನು ಕಂಡಿದ್ದೆ. ಮೊಳಕಾಲ್ಮೂರು ಕಡೆಯ ನೇಕಾರರು, ಬೆಳಗಿನ ಮೊದಲ ಬಸ್ಸಿಗೆ ಬಂದವರು. ಮಗಳು ಎಂ.ಕಾಂ. ಮುಗಿಸಿದ್ದಳು. ವೇದಿಕೆಯ ಮೇಲೆ ಪದಕ ಪಡೆದವರನ್ನೂ ಪಿಎಚ್.ಡಿ. ಪಡೆದವರನ್ನೂ ಮಾತ್ರ ಕರೆದರು. ಉಳಿದವರೆಲ್ಲ ಕೂತಲ್ಲಿಯೇ ಎದ್ದು ನಿಂತು ಪ್ರತಿಜ್ಞೆ ಸ್ವೀಕರಿಸಿದರು. ಗೌನು ಹಾಕಿಕೊಂಡವರೆಲ್ಲ ದೂರದಿಂದ ಒಂದೇ ತರಹ ಕಂಡಿರಬೇಕು. ತಾಯಿ ಪರದೆ ನೋಡುತ್ತ “ಯಾವಾಕಿ ನಮ್ಮಾಕಿ?” ಎಂದು ಗಂಡನನ್ನು ಎರಡು ಸಲ ಕೇಳಿದರು. ಅವರಿಗೂ ಗೊತ್ತಾಗಲಿಲ್ಲ. ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿರೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸಲಹೆ ಮಾಡಿ ವರ್ಷಗಳಾಗಿವೆ. ಭೌಗೋಳಿಕ ಸೂಚ್ಯಂಕ ಪಡೆದ ಮೊಳಕಾಲ್ಮೂರು ರೇಷ್ಮೆಯನ್ನು ನೇಯುವ ಮಗ್ಗಗಳು ಚಿತ್ರದುರ್ಗ ಜಿಲ್ಲೆಯಲ್ಲೇ ಇವೆ. ಪದವೀಧರರ ಹೆಗಲಿಗೆ ಆ ಮಗ್ಗದ ಒಂದು ಅಂಚುಳ್ಳ ಪಟ್ಟಿ ಬಂದರೂ ಅಂದು ಹೊರಗೆ ನಿಂತಿದ್ದವರಿಗೆ ಆ ಸಭೆ ತಮ್ಮದೆನಿಸುತ್ತಿತ್ತು.

ರಾಜ್ಯಪಾಲರು ಪಾಲ್ಗೊಳ್ಳುವ ಮುಖ್ಯ ಸಮಾರಂಭದಲ್ಲಿ ಸಾವಿರಾರು ಮಂದಿಯ ಹೆಸರು ಕೂಗಲು ಸಾಧ್ಯವಿಲ್ಲ, ಭದ್ರತೆ ಮತ್ತು ಶಿಷ್ಟಾಚಾರದ ಕಟ್ಟುಗಳೂ ಇವೆ. ಅದು ಹಾಗೆಯೇ ನಡೆಯಲಿ. ಅದರ ಮರುದಿನ ಅಥವಾ ಅದೇ ವಾರ, ಸ್ನಾತಕೋತ್ತರ ವಿಭಾಗಗಳು ಶಿವಗಂಗೋತ್ರಿಯಲ್ಲೂ ಜ್ಞಾನಗಂಗೋತ್ರಿಯಲ್ಲೂ, ಪದವಿ ಕಾಲೇಜುಗಳು ತಂತಮ್ಮ ಆವರಣಗಳಲ್ಲೂ ಒಂದೊಂದು ಸಭೆ ಸೇರಲಿ. ವೇದಿಕೆಯ ಮೇಲೆ ಪಾಠ ಹೇಳಿದವರು, ಮುಂದಿನ ಸಾಲುಗಳಲ್ಲಿ ಹೆತ್ತವರು. ಪ್ರತಿಯೊಬ್ಬರ ಹೆಸರು, ಊರು, ತಂದೆತಾಯಿಯ ಹೆಸರು ಓದಿ ಕರೆಯಲಿ. ಒಬ್ಬರಿಗೆ 12 ಸೆಕೆಂಡ್ ಎಂದು ಹಿಡಿದರೆ 300 ಮಂದಿಗೆ ಸರಿಯಾಗಿ ಒಂದು ಗಂಟೆ ಸಾಕು. ಅಂತರ್ಜಲದ ಆ ಸಭೆಯಲ್ಲಿ ಪ್ರಾರ್ಥನೆಯಿಂದ ಶುಭನುಡಿಯವರೆಗೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ.